ಒಡೆದ ಅಂಗಡಿ ನಕ್ಷೆಯಲ್ಲಿ ಮತ್ತೆ ಎದ್ದು ನಿಂತರೆ?

ಪ್ರಶ್ನೆ: ರಸ್ತೆ ಅಗಲ ಮಾಡುವಾಗ ನಮ್ಮೂರ ಪೇಟೆಯಲ್ಲಿ ಒಂದು ಸಾಲು ಅಂಗಡಿ ಒಡೆದರು. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಾನು ಅವನ್ನು ಅಳಿಸಿದೆ. ಯಾರೋ ಉಪಗ್ರಹ ಚಿತ್ರ ನೋಡಿ ಮತ್ತೆ ಬರೆದಿದ್ದಾರೆ. ಪುನಃ ಅಳಿಸಿದೆ, ಪುನಃ ಬಂತು. ಏನು ಮಾಡಲಿ?
— ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಬೇಸರ ಆಗುವುದು ಸಹಜ. ಆದರೆ ಅವರು ಬೇಕಂತ ಮಾಡಿರಲಾರರು. ಎಲ್ಲೋ ದೂರದಲ್ಲಿ ಕೂತವರಿಗೆ ಚಿತ್ರದಲ್ಲಿ ಚಾವಣಿ ಕಾಣುತ್ತದೆ, ನಕ್ಷೆಯಲ್ಲಿ ಜಾಗ ಖಾಲಿ ಇದೆ. ಯಾರೋ ಬಿಟ್ಟುಬಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ?

ಅದಕ್ಕೇ ಸುಮ್ನೆ ಅಳಿಸಬೇಡಿ. ಕಟ್ಟಡದ ಗೆರೆ ಹಾಗೇ ಇರಲಿ. ಅದು ಏನು ಅಂತ ಹೇಳುವ 'ಬಿಲ್ಡಿಂಗ್' ಎಂಬ ಟ್ಯಾಗನ್ನು (ಗುರುತು ಚೀಟಿಯನ್ನು) 'ಡೆಮಾಲಿಶ್ಡ್:ಬಿಲ್ಡಿಂಗ್' (demolished:building, ಅಂದರೆ ಒಡೆದ ಕಟ್ಟಡ) ಅಂತ ಬದಲಿಸಿ. ಸಾಮಾನ್ಯ ನಕ್ಷೆಯಲ್ಲಿ ಅದು ಕಟ್ಟಡವಾಗಿ ಮೂಡುವುದಿಲ್ಲ. ನಕ್ಷೆ ತಿದ್ದುವ ಎಡಿಟರ್ ತೆರೆದವರಿಗೆ ಮಾತ್ರ ಕಾಣುತ್ತದೆ. 'ನೋಟ್' ಟ್ಯಾಗ್‌ನಲ್ಲಿ "ಒಡೆದಿದ್ದಾರೆ, ಖುದ್ದಾಗಿ ನೋಡಿದ್ದೇನೆ, ಚಿತ್ರ ಹಳೆಯದು" ಅಂತ ತಾರೀಖಿನ ಸಮೇತ ಬರೆಯಿರಿ. ಇಂಗ್ಲಿಷಿನಲ್ಲೂ ಬರೆಯಿರಿ, ಹೊರಗಿನವರಿಗೂ ತಿಳಿಯಲಿ. ಅಂಗಡಿಗಳನ್ನು ಮತ್ತೆ ಬರೆದವರ ಚೇಂಜ್‌ಸೆಟ್‌ಗೆ (ಅವರು ಮಾಡಿದ ಬದಲಾವಣೆಗಳ ದಾಖಲೆಗೆ) ಹೋಗಿ ಇದನ್ನೇ ಸ್ನೇಹದಿಂದ ಹೇಳಿ. ಇಲ್ಲಿ ನೆಲದ ಮೇಲೆ ಇರುವುದಕ್ಕೇ ಬೆಲೆ, ಚಿತ್ರಕ್ಕಲ್ಲ. ನೀವು ಅದೇ ಊರಿನವರು, ನಿಮ್ಮ ಮಾತಿಗೆ ತೂಕ ಜಾಸ್ತಿ.

ಚಿತ್ರದ ವಯಸ್ಸನ್ನೂ ನೋಡಿ. ಬ್ರೌಸರ್‌ನಲ್ಲೇ ತೆರೆಯುವ ಐಡಿ (iD) ಎಡಿಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಬಿಂಗ್, ಎಸ್ರಿ ಕಂಪನಿಗಳು ಕೊಡುವ ಚಿತ್ರಗಳನ್ನು ಯಾವಾಗ ತೆಗೆದದ್ದು ಅಂತ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಜೂಮ್ ಮಾಡಿದರೆ ತಾರೀಖು ಬದಲಾಗಬಹುದು, ಯಾಕೆಂದರೆ ಬೇರೆ ಬೇರೆ ಹಂತಕ್ಕೆ ಬೇರೆ ಬೇರೆ ಚಿತ್ರ ಇರುತ್ತದೆ. ಸ್ಪಷ್ಟವಾಗಿದೆ ಅಂತ ಹೊಸದು ಅಂದುಕೊಳ್ಳಬೇಡಿ. ಎಷ್ಟೋ ಕಡೆ ಚೆನ್ನಾಗಿ ಕಾಣುವ ಚಿತ್ರವೇ ಹಳೆಯದು.

ತೀರಾ ಈಚಿನದು ಬೇಕಾದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಇದೆ. ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದುಹೋಗುತ್ತದೆ. ಆದರೆ ಅದರ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸ್‌ಗಳಂಥವು ಅದರಲ್ಲಿ ಕಾಣುತ್ತವೆ. ನಿಮ್ಮ ಪೇಟೆಯ ಅಂಗಡಿ ಕಾಣುವುದಿಲ್ಲ. ಗೂಗಲ್ ಚಿತ್ರ ನೋಡಿ ಬರೆಯುವ ಹಾಗಿಲ್ಲ, ಲೈಸೆನ್ಸ್ ಒಪ್ಪುವುದಿಲ್ಲ.

ಮುಂದೆ ಬಿಂಗ್‌ನಲ್ಲಿ ಹೊಸ ಚಿತ್ರ ಬಂದರೂ ಆತುರ ಬೇಡ. ಚಿತ್ರವೇ ಕೆಲವು ಮೀಟರ್ ಪಕ್ಕಕ್ಕೆ ಸರಿದಿರಬಹುದು. ಆ ರಸ್ತೆಯಲ್ಲಿ ಓಡಾಡಿದವರು ದಾಖಲಿಸಿದ ಜಿಪಿಎಸ್ ಜಾಡುಗಳ ಜೊತೆ ಹೊಂದಿಸಿಕೊಂಡು ಆಮೇಲೆ ಗೆರೆ ಎಳೆಯಿರಿ. ಖಾಲಿ ಜಾಗ ಎಲ್ಲ ಚಿತ್ರಗಳಲ್ಲೂ ಕಾಣತೊಡಗಿದ ಮೇಲೆ ಆ ಡೆಮಾಲಿಶ್ಡ್ ಗೆರೆಗಳನ್ನು ಅಳಿಸಬಹುದು.