ಬೆಲ್ಟ್ ಇದೆ, ಕೊಕ್ಕೆ ಹಾಕುವುದಿಲ್ಲ: ಕಟ್ಟಡ ಕೆಲಸದ ಪ್ರಶ್ನೆಗಳು

ಪ್ರಶ್ನೆ: ನಾನು ಸೈಟ್ ಸೂಪರ್‌ವೈಸರ್. ಎಲ್ಲರಿಗೂ ಹೆಲ್ಮೆಟ್, ಸೇಫ್ಟಿ ಬೆಲ್ಟ್ ಕೊಟ್ಟಿದ್ದೇವೆ, ಹಾಕದವರಿಗೆ ದಂಡವೂ ಇದೆ. ಆದರೂ ನಾನು ಅತ್ತ ಹೋದೊಡನೆ ಕೊಕ್ಕೆ ಬಿಚ್ಚುತ್ತಾರೆ. ಇವರಿಗೆ ಜೀವದ ಮೇಲೆ ಆಸೆ ಇಲ್ಲವೇ?

ಉತ್ತರ: ಆಸೆ ಖಂಡಿತ ಇದೆ. ಕೊಕ್ಕೆಯನ್ನು ಎಲ್ಲಿಗೆ ಹಾಕಬೇಕು ಎಂಬುದನ್ನು ನೀವೇ ಒಮ್ಮೆ ಮೇಲೆ ಹತ್ತಿ ನೋಡಿ. ತಲೆಯ ಮಟ್ಟಕ್ಕಿಂತ ಮೇಲೆ ಗಟ್ಟಿ ಆಧಾರ ಸಿಗದಿದ್ದರೆ ಕಾಲ ಬಳಿಯ ಪೈಪಿಗೇ ಸಿಕ್ಕಿಸುತ್ತಾರೆ. ಬೆಲ್ಟಿನ ಹಗ್ಗ ಸಾಮಾನ್ಯವಾಗಿ 1.8 ಮೀಟರ್. ಬಿದ್ದಾಗ ಶಾಕ್ ಅಬ್ಸಾರ್ಬರ್ (ಹೊಡೆತ ತಗ್ಗಿಸಲು ಹಗ್ಗದಲ್ಲಿ ಮಡಚಿ ಹೊಲಿದ ಪಟ್ಟಿ) ಬಿಚ್ಚಿಕೊಂಡು ಇನ್ನೂ 1 ಮೀಟರಿಗೂ ಹೆಚ್ಚು ಉದ್ದವಾಗಬಹುದು. ಅದಕ್ಕೆ ಆಳಿನ ಎತ್ತರವನ್ನೂ ನೆಲಕ್ಕೆ ತಾಗದಂತೆ ಸ್ವಲ್ಪ ಹೆಚ್ಚುವರಿ ಅಂತರವನ್ನೂ ಸೇರಿಸಿದರೆ ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕು. ಕೊಕ್ಕೆ ಕಾಲ ಬಳಿ ಇದ್ದರೆ ಇನ್ನೂ ಹೆಚ್ಚು. ಹಾಗಾಗಿ 4 ಮೀಟರ್ ಎತ್ತರದಲ್ಲಿ ಕೊಕ್ಕೆ ಹಾಕಿದವನೂ ನೆಲಕ್ಕೆ ಬಡಿಯಬಹುದು. ಅನುಭವಿ ಕೆಲಸಗಾರನಿಗೆ ಇದು ಗೊತ್ತಾಗುತ್ತದೆ, ಬೆಲ್ಟ್ ಬರೀ ತೋರಿಕೆಗೆ ಎಂದು ಅವನು ತೀರ್ಮಾನಿಸುತ್ತಾನೆ. ಅಂಥ ಕಡೆ ಸುಮಾರು 1 ಮೀಟರ್ ಎತ್ತರದ ಕಟಕಟೆ, ನಡುವೆ ಇನ್ನೊಂದು ಅಡ್ಡಪೈಪು, ಕಾಲ ಬಳಿ 15 ಸೆಂಟಿಮೀಟರಿನ ಹಲಗೆ ಕಟ್ಟಿಸಿ. ಒಂದೇ ಕೊಕ್ಕೆಯ ಬೆಲ್ಟಿನಲ್ಲಿ ಪೈಪಿನಿಂದ ಪೈಪಿಗೆ ದಾಟುವಾಗ ಪ್ರತಿಸಲ ಬಿಚ್ಚಲೇಬೇಕು, ಆದ್ದರಿಂದ ಎರಡು ಕೊಕ್ಕೆಯದನ್ನೇ ಕೊಡಿ.

ಕೂಲಿಯ ಲೆಕ್ಕವನ್ನೂ ನೋಡಿ. ಚದರ ಅಡಿಗಿಷ್ಟು ಎಂದು ಗುತ್ತಿಗೆ ಕೊಟ್ಟಿದ್ದರೆ ಸಾರುವೆ ಸರಿಪಡಿಸುವ ಅರ್ಧ ಗಂಟೆ ಅವರ ಹೊಟ್ಟೆಯಿಂದಲೇ ಹೋಗುತ್ತದೆ. ಆ ಹೊತ್ತಿಗೆ ಬೇರೆಯಾಗಿ ಕೂಲಿ ಕಟ್ಟಿ. ನಮ್ಮ ಮಟ್ಟಿಗೆ ಇದು ಎಲ್ಲ ಬೋರ್ಡು, ಭಾಷಣಗಳಿಗಿಂತ ದೊಡ್ಡದು. ದಂಡ ಹಾಕುವುದರಿಂದ ಅವರು ಕಲಿಯುವುದು ನೀವು ಬರುವ ಸಮಯ ಗುರುತಿಸುವುದನ್ನು ಮಾತ್ರ.

ಹೊಸಬರು ನೋಡುವುದು ಮೇಸ್ತ್ರಿಯ ತಲೆಯನ್ನು. ಅವನು ಬರಿತಲೆಯಲ್ಲಿ ಓಡಾಡಿದರೆ ನಿಯಮ ಅಲ್ಲಿಗೇ ಮುಗಿಯಿತು. ಬೆಳಗಿನ ಮಾತುಕತೆ ಕೆಲಸದ ಜಾಗದಲ್ಲೇ, ಅವರ ಭಾಷೆಯಲ್ಲೇ, 10 ನಿಮಿಷ ಸಾಕು. 'ಇವತ್ತು ಎಲ್ಲಿ ಜಾರಬಹುದು?' ಎಂದು ಕೇಳಿ ಸುಮ್ಮನಿರಿ, ಅವರು ಮಾತಾಡಲಿ. ಒಬ್ಬ ಹಲಗೆ ಅಲುಗಾಡುತ್ತದೆ ಎಂದರೆ ಮಧ್ಯಾಹ್ನದ ಊಟದೊಳಗೆ ಸರಿಮಾಡಿಸಿ. ಆಗದಿದ್ದರೆ ದಾರಿ ಮುಚ್ಚಿ, ಯಾವಾಗ ಆಗುತ್ತದೆಂದು ಅವನಿಗೇ ಹೇಳಿ. ಹೇಳಿದ್ದು ಎರಡು ಸಲ ವ್ಯರ್ಥವಾದರೆ ಮೂರನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಅಪಘಾತವಿಲ್ಲದ ತಿಂಗಳಿಗೆ ಇಡೀ ತಂಡಕ್ಕೆ ಬಹುಮಾನ ಕೊಡಬಹುದೇ?

ಉತ್ತರ: ಬೇಡ. ಬಹುಮಾನ ತಪ್ಪುತ್ತದೆಂದು ಗಾಯ ಮುಚ್ಚಿಡುತ್ತಾರೆ. ಮೊಳೆ ಚುಚ್ಚಿದ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಾರೆ, ಧನುರ್ವಾಯು ಚುಚ್ಚುಮದ್ದು ತಪ್ಪಿಹೋಗುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಅಪಾಯವನ್ನು ಬಂದು ಹೇಳಿದವರನ್ನು ಎಲ್ಲರೆದುರು ಹೊಗಳಿ, ಬಹುಮಾನವನ್ನು ಅದಕ್ಕೇ ಕೊಡಿ.

ಪ್ರಶ್ನೆ: ನಾನು ಕೂಲಿ ಕೆಲಸಗಾರ. 2 ಮೀಟರ್ ಆಳದ ಪಾಯದ ಗುಂಡಿಯ ಅಂಚಿನಲ್ಲಿ ಬಿರುಕು ಬಿಟ್ಟಿದೆ. ಇಳಿಯುವುದಿಲ್ಲ ಎಂದರೆ ಪುಕ್ಕಲ ಅನ್ನುತ್ತಾರೆ, ನಾಳೆಯಿಂದ ಕೆಲಸವೂ ಇಲ್ಲವಾಗಬಹುದು. ಏನು ಮಾಡಲಿ?

ಉತ್ತರ: ಇಳಿಯಬೇಡಿ. ಅಂಚಿಗೆ ಸಮನಾಗಿ ಹೋದ ಬಿರುಕೆಂದರೆ ಮಣ್ಣು ಆಗಲೇ ಸರಿಯಲು ಶುರುಮಾಡಿದೆ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್. ಸೊಂಟದವರೆಗೆ ಹೂತರೂ ಕೈಯಿಂದ ಎಳೆದು ತೆಗೆಯಲಾಗದು. ಒಬ್ಬರೇ ಹೋಗದೆ ಜೊತೆಯ ಇಬ್ಬರು ಮೂವರನ್ನು ಕರೆದುಕೊಂಡು ಮೇಸ್ತ್ರಿಗೆ ಬಿರುಕನ್ನು ತೋರಿಸಿ. 'ಆಗಲ್ಲ' ಅನ್ನುವ ಬದಲು, 'ಅಂಚಿನ ಮಣ್ಣಿನ ರಾಶಿಯನ್ನು ಹಿಂದಕ್ಕೆ ಎಳೆಸಿ, ಬದಿಗೆ ಹಲಗೆ ಕೊಟ್ಟು ಅಡ್ಡಕ್ಕೆ ಆನಿಕೆ ಬಿಗಿಸಿ, ಏಣಿ ಇಡಿಸಿ, ಇಳಿಯುತ್ತೇವೆ' ಎನ್ನಿ. ಬದಿ ಕಟ್ಟಿಸಲು ಆಗದಿದ್ದರೆ ಗುಂಡಿಯ ಗೋಡೆಯನ್ನು ಇಳಿಜಾರಾಗಿ ಕಡಿಸಲಿ. ಆ ಕೆಲಸ ಮೇಲಿನಿಂದ ನಡೆಯಬೇಕು, ಅಲ್ಲಿಯತನಕ ಬಿರುಕಿನ ಹತ್ತಿರ ಯಾರನ್ನೂ ನಿಲ್ಲಲು ಬಿಡಬೇಡಿ.