ವಿಂಡೋಸ್ ಸರ್ವರ್ರೋ, ಲಿನಕ್ಸೋ?

ಪ್ರಶ್ನೆ: ನಮ್ಮ ಸಗಟು ವ್ಯಾಪಾರದ ಕಚೇರಿಯಲ್ಲಿ 25 ಮಂದಿ ಇದ್ದೇವೆ. ವಿಂಡೋಸ್ ಸರ್ವರ್ ಕೊಳ್ಳಬೇಕೋ, ಲಿನಕ್ಸ್ ಸಾಕೋ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಯಾವುದರ ಮೇಲೆ ಓಡುತ್ತದೆಂದು ಮಾರಿದವರಿಂದ ಮೊದಲು ಬರೆಸಿಕೊಳ್ಳಿ; ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನ ಲೈಸೆನ್ಸ್ ಕೋರ್ (ಪ್ರೊಸೆಸರ್ ಒಳಗಿನ ಗಣನಾ ಘಟಕ) ಲೆಕ್ಕದ್ದು: ಯಂತ್ರದಲ್ಲಿ 8 ಕೋರ್ ಇದ್ದರೂ 16ಕ್ಕೆ ದುಡ್ಡು ಕಟ್ಟಬೇಕು. ಕೊಟೇಶನ್‌ನಲ್ಲಿ ಸಿಎಎಲ್ (ಸರ್ವರನ್ನು ಬಳಸಲು ಬೇಕಾದ ಪ್ರತ್ಯೇಕ ಪರವಾನಗಿ) ಇದೆಯೇ ನೋಡಿ. ಬಳಸುವ ಪ್ರತಿಯೊಬ್ಬರಿಗೆ, ಇಲ್ಲವೇ ಪ್ರತಿ ಕಂಪ್ಯೂಟರಿಗೆ ಒಂದೊಂದು ಬೇಕು. 25 ಮಂದಿ ಪಾಳಿಯಲ್ಲಿ 15 ಕಂಪ್ಯೂಟರ್ ಹಂಚಿಕೊಳ್ಳುವುದಾದರೆ 15 ಸಾಕು. ರಿಮೋಟ್ ಡೆಸ್ಕ್‌ಟಾಪ್‌ಗೆ, ಅಂದರೆ ಬೇರೆ ಕಂಪ್ಯೂಟರಿನಿಂದ ಸರ್ವರಿನ ಪರದೆ ತೆರೆದು ಕೆಲಸ ಮಾಡುವುದಕ್ಕೆ, ಬೇರೆಯದೇ ಸಿಎಎಲ್. ಮಾರುವವರು ಇದನ್ನು ತಾವಾಗಿ ಹೇಳುತ್ತಾರೆಂದು ನಂಬಬೇಡಿ.

ಬರೀ ಫೈಲ್ ಹಂಚಿಕೆಗಾದರೆ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ ಲಿನಕ್ಸ್ ಆವೃತ್ತಿ) ಮೇಲೆ ಸಾಂಬಾ (ವಿಂಡೋಸ್ ಕಂಪ್ಯೂಟರುಗಳಿಗೂ ಫೈಲ್ ಹಂಚುವ ಸಾಫ್ಟ್‌ವೇರ್) ಧಾರಾಳವಾಯಿತು. ಆದರೆ ಕೆಟ್ಟಾಗ ಬಂದು ಸರಿಮಾಡುವವರ ವಾರ್ಷಿಕ ಶುಲ್ಕವನ್ನೂ ಸೇರಿಸಿ 5 ವರ್ಷದ ಖರ್ಚು ಹೋಲಿಸಿ.