ನಲವತ್ತರ ಗೆರೆಯ ಈಚೆ

ಓದುಗರೊಬ್ಬರ ಪತ್ರ: ಶಿರಸಿ ಕಡೆಯವನು. ಒಂಬತ್ತನೇ ವಯಸ್ಸಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣು ಚೆನ್ನಾಗಿದೆ. ಈಗ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಗೋದಾಮಿನ ಮೆಟ್ಟಿಲಂಚಿಗೆ ಹಳದಿ ಪಟ್ಟಿ ಹಚ್ಚಿಸಿ, ಜನ ಎಡಗಡೆಯಿಂದ ಬರುವ ಹಾಗೆ ನನ್ನ ಮೇಜು ತಿರುಗಿಸಿ ಎಂದು ಕೇಳಿದೆ. ‘ವೈಕಲ್ಯದ ಸರ್ಟಿಫಿಕೇಟಿನಲ್ಲಿ ಶೇ. ಮೂವತ್ತು ಇದೆ, ನಲವತ್ತಾದರೆ ಮಾತ್ರ ಅಂಗವಿಕಲರು’ ಎಂದರು ಕಚೇರಿಯವರು. ನಿಮ್ಮ ಕಳೆದ ಸಂಚಿಕೆಯೂ ಅದನ್ನೇ ಬರೆದಿದೆ. ಊರಿನವರು ಮಾತ್ರ ಇವತ್ತಿಗೂ ಒಕ್ಕಣ್ಣ ಅಂತಲೇ ಕರೆಯುತ್ತಾರೆ. ಏಜೆಂಟ್ ಒಬ್ಬ ನಲವತ್ತು ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ನಾನು ಅಂಗವಿಕಲನೋ ಅಲ್ಲವೋ, ಅಷ್ಟು ಹೇಳಿ. ಹೆಸರು ಹಾಕಬೇಡಿ. (ಬೆರಳಿಗೂ ಪೆಟ್ಟಾಗಿದೆ, ಅದನ್ನೂ ಕೂಡಿಸಿದರೆ ನಲವತ್ತು ದಾಟಬಹುದೇ?)

ಸಂಪಾದಕರ ಉತ್ತರ:

ಮಾನ್ಯರೇ,

ಹೌದು, ನೀವು ಕಾನೂನಿನ ಪ್ರಕಾರ ಅಂಗವಿಕಲ ವ್ಯಕ್ತಿಯೇ. ‘ಶೇ. 40ಕ್ಕಿಂತ ಕಡಿಮೆ ಇದ್ದವರನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ’ ಎಂದು ನಾವು ಅಚ್ಚು ಹಾಕಿದ ಸಾಲು ತಪ್ಪು. ಆ ಪುಟವನ್ನು ಅಚ್ಚಿಗೆ ಬಿಟ್ಟವನು ನಾನೇ, ಹಾಗಾಗಿ ಲೇಖಕರ ಮೇಲೆ ಹೊರೆಸಲಾರೆ. ನಿಮ್ಮ ಕಚೇರಿಯವರು ಆ ಪುಟ ತೋರಿಸಿ ವಾದ ಮಾಡಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ.

ಈ ತಪ್ಪು ನಮ್ಮೊಬ್ಬರದಲ್ಲ, ಅದಕ್ಕೊಂದು ಮೂಲವಿದೆ. 1995ರ ಹಳೆಯ ಕಾಯ್ದೆಯಲ್ಲಿ ‘ಅಂಗವಿಕಲ ವ್ಯಕ್ತಿ’ ಎಂಬ ಮಾತಿನ ವ್ಯಾಖ್ಯೆಯಲ್ಲೇ ನಲವತ್ತು ಕೂತಿತ್ತು: ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಿದ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಉಳ್ಳವರು. ಮೂವತ್ತೊಂಬತ್ತಾದರೆ ಆ ಕಾಯ್ದೆಯ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ಇದ್ದದ್ದೂ ಏಳೇ ಬಗೆಯ ವೈಕಲ್ಯ. ಎರಡು ದಶಕ ಆ ಲೆಕ್ಕದಲ್ಲೇ ಕಡತ ನೋಡಿದ ಗುಮಾಸ್ತರಿಂದ ಹಿಡಿದು ಪತ್ರಿಕೆಯವರ ತನಕ ಎಲ್ಲರ ತಲೆಯಲ್ಲೂ ಆ ಅಂಕಿ ಉಳಿದುಬಿಟ್ಟಿದೆ. ಕಾಯ್ದೆ ಹೋಯಿತು, ಅಂಕಿ ಹೋಗಲಿಲ್ಲ.

2016ರಲ್ಲಿ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಾದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬೇರೆ ದಾರಿ ಹಿಡಿಯಿತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿತ್ತು, ಆ ಮಾತು ಉಳಿಸಿಕೊಳ್ಳಲು ಬಂದ ಕಾಯ್ದೆ ಇದು. ಇದರ 2ನೇ ಕಲಂ ಒಂದರ ಬದಲು ಹಲವು ವ್ಯಾಖ್ಯೆ ಕೊಡುತ್ತದೆ. ಮೊದಲನೆಯದು ಸುಮ್ಮನೆ ‘ಅಂಗವಿಕಲ ವ್ಯಕ್ತಿ’. ದೇಹದ್ದೋ ಮನಸ್ಸಿನದ್ದೋ ಬುದ್ಧಿಯದ್ದೋ ಇಂದ್ರಿಯದ್ದೋ ದೀರ್ಘಕಾಲದ ಊನ ಇರಬೇಕು. ಆ ಊನ ಹೊರಗಿನ ಅಡೆತಡೆಗಳಿಗೆ ಸಿಕ್ಕಿ, ಉಳಿದವರಿಗೆ ಸಮನಾಗಿ ಬದುಕಿನಲ್ಲಿ ಪಾಲ್ಗೊಳ್ಳಲು ತೊಡಕಾಗುತ್ತಿರಬೇಕು. ಇಷ್ಟೇ. ಇಲ್ಲಿ ಶೇಕಡಾವಾರು ಇಲ್ಲವೇ ಇಲ್ಲ. ಇನ್ನೊಂದು ವ್ಯಾಖ್ಯೆ ‘ಮಾನದಂಡ ವೈಕಲ್ಯ’ದ್ದು. ಮೀಸಲಾತಿಯಂಥ ಸೌಲಭ್ಯಕ್ಕೆ ಬೇಕಾದ ಶೇ. 40ರ ಅಳತೆ ಬರುವುದು ಅಲ್ಲಿ.

ಊನ ಎಂಬ ಹಳೆಯ ಮಾತನ್ನು ಬೇಕೆಂದೇ ಬಳಸಿದೆ. ನಿಮ್ಮ ಬಲಗಣ್ಣಿನದು ಊನ. ಒಂದೇ ಬಣ್ಣದ ಸಿಮೆಂಟಿನ ಮೆಟ್ಟಿಲು ಅಡೆತಡೆ. ಒಂದು ಕಣ್ಣಿನವರಿಗೆ ಆಳ ಅಂದಾಜಿಗೆ ಸಿಗುವುದು ಕಷ್ಟ, ಕೊನೆಯ ಮೆಟ್ಟಿಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂಬಲ್ಲೇ ಕಾಲು ತಪ್ಪುತ್ತದೆ. ಎರಡೂ ಸೇರಿದ ಕಡೆ ಕಾನೂನು ಹೇಳುವ ವೈಕಲ್ಯ ಹುಟ್ಟುತ್ತದೆ. ಹಳದಿ ಪಟ್ಟಿ ಬಿದ್ದರೆ ಊನ ಹಾಗೆಯೇ ಇರುತ್ತದೆ, ತೊಡಕು ಅರ್ಧ ಇಳಿಯುತ್ತದೆ. ನೀವು ಕಾನೂನು ಓದದೆಯೇ ಕಾನೂನಿನ ತಿರುಳನ್ನೇ ಕೇಳಿದ್ದೀರಿ.

ಇನ್ನು ಮೂವತ್ತರ ಲೆಕ್ಕ. ಸರ್ಟಿಫಿಕೇಟ್ ಕೊಟ್ಟ ವೈದ್ಯಕೀಯ ಮಂಡಳಿಯವರು ಕೈಬಿಗಿ ಮಾಡಿದರು ಎಂಬ ಅನುಮಾನ ನಿಮ್ಮ ಪತ್ರದಲ್ಲಿ ಇಣುಕುತ್ತಿದೆ. ಅವರು ತಪ್ಪು ಮಾಡಿಲ್ಲ. ದೃಷ್ಟಿಯ ಮಟ್ಟಿಗೆ ಸರ್ಕಾರದ ಮಾರ್ಗಸೂಚಿ ನೋಡುವುದು ಎರಡರಲ್ಲಿ ಚೆನ್ನಾಗಿರುವ ಕಣ್ಣನ್ನು, ಅದೂ ಕನ್ನಡಕ ಹಾಕಿಸಿದ ಮೇಲೆ. ಆ ಕಣ್ಣು 6/18 ತನಕ ಇದ್ದರೆ, ಅಂದರೆ ಸರಿಯಾದ ಕಣ್ಣಿಗೆ 18 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದಾದರೂ ಕಂಡರೆ, ಇನ್ನೊಂದು ಕಣ್ಣು ಪೂರ್ತಿ ಹೋಗಿದ್ದರೂ ಸಿಗುವುದು ಮೂವತ್ತೇ. ದಪ್ಪ ಗಾಜಿನ ಕನ್ನಡಕದವರು ‘ನನಗೂ ಸರ್ಟಿಫಿಕೇಟ್ ಸಿಗುತ್ತದೆಯೇ’ ಎಂದು ಆಗಾಗ ಬರೆಯುತ್ತಾರೆ, ಅವರಿಗೂ ಉತ್ತರ ಇದರಲ್ಲೇ ಇದೆ. ಕಿವಿಯದ್ದೂ ಹೆಚ್ಚುಕಡಿಮೆ ಇದೇ ಕಥೆ: ಪಟ್ಟಿಯಲ್ಲಿ ಕಿವುಡು ಎಂದರೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ.

ಗೆರೆ ಎಳೆಯುವುದು ಪ್ರಕೃತಿಯಲ್ಲ, ಕಾನೂನು ಎಂಬುದಕ್ಕೆ ಒಂದು ಉದಾಹರಣೆ. ಚೆನ್ನಾಗಿರುವ ಕಣ್ಣಿನ ದೃಷ್ಟಿಯೇ 4/60 ಇದ್ದವರು 1995ರ ಕಾಯ್ದೆಯಲ್ಲಿ ಅಂಧರು, 2016ರದ್ದರಲ್ಲಿ ಮಂದದೃಷ್ಟಿಯವರು. ಅವರ ಕಣ್ಣು ಒಂದು ಚೂರೂ ಸುಧಾರಿಸಿಲ್ಲ! ಅದೇ ಹೊತ್ತಿನಲ್ಲಿ ಪಟ್ಟಿ ಏಳರಿಂದ ಇಪ್ಪತ್ತೊಂದಕ್ಕೆ ಬೆಳೆಯಿತು. ಆಟಿಸಂ, ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್, ಆಸಿಡ್ ದಾಳಿಗೆ ಸಿಕ್ಕವರು, ಕಲಿಕೆಯ ತೊಡಕಿರುವ ಮಕ್ಕಳು ಎಲ್ಲ ಒಳಗೆ ಬಂದರು.

ಬೆರಳಿಗೂ ಪೆಟ್ಟಾಗಿದೆ, ಕೂಡಿಸಿದರೆ ನಲವತ್ತು ದಾಟಬಹುದೇ ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಕೇಳಿದ್ದೀರಿ. ಒಂದಕ್ಕಿಂತ ಹೆಚ್ಚು ವೈಕಲ್ಯ ಇದ್ದರೆ ಮಾರ್ಗಸೂಚಿ ನೇರವಾಗಿ ಕೂಡಿಸುವುದಿಲ್ಲ. ದೊಡ್ಡದನ್ನು 90ರಿಂದ ಕಳೆದು, ಬಂದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಅದನ್ನು ದೊಡ್ಡದಕ್ಕೆ ಸೇರಿಸುತ್ತದೆ. ಕಣ್ಣಿಗೆ 30, ಬೆರಳಿಗೆ 12 ಎಂದು ಇಟ್ಟುಕೊಳ್ಳಿ. ಮನೆ ಲೆಕ್ಕದಲ್ಲಿ 42, ಮಂಡಳಿ ಲೆಕ್ಕದಲ್ಲಿ 38. ಲೆಕ್ಕಪತ್ರದವರು, ನೀವೇ ಮಾಡಿ ನೋಡಿ.

ನಲವತ್ತು ಇಲ್ಲದಿದ್ದರೆ ಏನೆಲ್ಲ ಸಿಗುವುದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಸರ್ಕಾರಿ ನೌಕರಿಯಲ್ಲಿನ ಶೇ. 4 ಮೀಸಲಾತಿ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಶೇ. 5 ಸೀಟು, ನಮ್ಮ ರಾಜ್ಯದ ಮಾಸಾಶನ ಇವು ನಿಮಗಿಲ್ಲ. ಆ ಏಜೆಂಟನ ಸಹವಾಸ ಮಾತ್ರ ಇವತ್ತೇ ಬಿಡಿ. ನಲವತ್ತರವರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದರೆ 91ನೇ ಕಲಂ ಪ್ರಕಾರ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಸಿಕ್ಕಿಬಿದ್ದರೆ ಅವನ ಮಾತು ನಂಬಿದ ನೀವೂ ಜೈಲು ಕಾಣಬೇಕಾದೀತು. ಮಂಡಳಿಯ ಲೆಕ್ಕದ ಮೇಲೆ ನಿಜವಾದ ತಕರಾರಿದ್ದರೆ 59ನೇ ಕಲಂ ಮೇಲ್ಮನವಿಗೆ ದಾರಿ ಕೊಟ್ಟಿದೆ.

ಹಾಗಾದರೆ ಗೆರೆಯ ಈಚೆ ಇರುವವರಿಗೆ ಸಿಗುವುದೇನು? ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದಿದೆ. ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ಬರಹಗಾರರ, ಅಂದರೆ ಹೇಳಿದ್ದನ್ನು ಬರೆದುಕೊಡುವವರ, ನೆರವು ಕೇಳಿದರು. ಯುಪಿಎಸ್‌ಸಿ ಕೊಡಲಿಲ್ಲ. 2021ರ ಫೆಬ್ರವರಿಯಲ್ಲಿ, ವಿಕಾಸ್ ಕುಮಾರ್ ಪ್ರಕರಣದಲ್ಲಿ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಈ ಎರಡು ವ್ಯಾಖ್ಯೆಗಳನ್ನು ಬಿಡಿಸಿ ಇಟ್ಟಿತು. ನಲವತ್ತರ ಅಳತೆ ಮೀಸಲಾತಿಯಂಥ ಗೊತ್ತಾದ ಸೌಲಭ್ಯಗಳಿಗೆ, ಬರಹಗಾರರ ನೆರವಿನಂಥ ‘ಸಮಂಜಸ ಹೊಂದಾಣಿಕೆ’ಗೆ, ಅಂದರೆ ಒಬ್ಬೊಬ್ಬರ ತೊಡಕಿಗೆ ತಕ್ಕಂತೆ ಮಾಡಿಕೊಡುವ ಬದಲಾವಣೆಗೆ, ಅದನ್ನು ಹಿಡಿದು ಅಳೆಯುವಂತಿಲ್ಲ ಎಂದಿತು. ಅದರ ಮೇಲೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ, ನಲವತ್ತಕ್ಕಿಂತ ಕಡಿಮೆ ಇದ್ದೂ ಬರೆಯಲು ಕಷ್ಟಪಡುವವರಿಗಾಗಿಯೇ ಪರೀಕ್ಷಾ ಮಾರ್ಗಸೂಚಿ ಹೊರಡಿಸಿತು.

ನಿಮ್ಮದು ಖಾಸಗಿ ಕಂಪನಿ, ಇಲ್ಲಿ ಹಗ್ಗ ಸ್ವಲ್ಪ ಸಡಿಲ. ಕೆಲಸದ ಜಾಗದಲ್ಲಿ ಹೊಂದಾಣಿಕೆ ಮಾಡಿಕೊಡಲೇಬೇಕೆಂದು 20ನೇ ಕಲಂ ನೇರವಾಗಿ ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ನನ್ನ ಕೇಳಿದರೆ ಕಾಯ್ದೆಯ ದೊಡ್ಡ ತೂತು ಇದೇ. ಆದರೆ ಖಾಸಗಿಯವರನ್ನು ಪೂರ್ತಿ ಬಿಟ್ಟಿಲ್ಲ. ಸಮಾನ ಅವಕಾಶ ನೀತಿ ಬರೆದಿಡಬೇಕಾದದ್ದು ಎಲ್ಲ ಸಂಸ್ಥೆಗಳೂ. ಕೇಂದ್ರದ 2017ರ ನಿಯಮಗಳ ಪ್ರಕಾರ, 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗೆ ವೈಕಲ್ಯದ ಕಾರಣದ ತಾರತಮ್ಯದ ದೂರು ಬಂದರೆ ಮುಖ್ಯಸ್ಥರು ಒಂದೋ ಕ್ರಮ ಕೈಗೊಳ್ಳಬೇಕು, ಇಲ್ಲವೇ ತಾವು ಮಾಡಿದ್ದು ಹೇಗೆ ಸರಿ ಎಂದು ಬರವಣಿಗೆಯಲ್ಲಿ ತಿಳಿಸಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಅಂಗವಿಕಲರ ದೂರು ಕೇಳುವ ರಾಜ್ಯ ಆಯುಕ್ತರಿದ್ದಾರೆ.

ಇದುವರೆಗೆ ನೀವು ಕೇಳಿದ್ದೆಲ್ಲ ಬಾಯಿಮಾತಿನಲ್ಲಿ, ಅವರು ಇಲ್ಲ ಎಂದದ್ದೂ ಬಾಯಿಮಾತಿನಲ್ಲೇ. ಈ ಸಲ ಒಂದು ಹಾಳೆಯಲ್ಲಿ ಬರೆದುಕೊಡಿ. ನಲವತ್ತರ ವಾದಕ್ಕೇ ಇಳಿಯಬೇಡಿ, ಯಾವ ಮೆಟ್ಟಿಲು, ಯಾವ ಮೇಜು, ಏನು ಆಗಬೇಕು ಅಷ್ಟೇ ಇರಲಿ. ಸರ್ಟಿಫಿಕೇಟಿನ ನಕಲು ಲಗತ್ತಿಸಿ, ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ.

ನಮ್ಮ ತಿದ್ದುಪಡಿ ಇದೇ ಸಂಚಿಕೆಯಲ್ಲಿ, ತಪ್ಪು ಬಂದಿದ್ದಷ್ಟೇ ದೊಡ್ಡ ಅಕ್ಷರದಲ್ಲಿ ಇದೆ. ಅರ್ಜಿಯ ಜೊತೆ ಅದನ್ನೂ ಕತ್ತರಿಸಿ ಇಡಿ.